ಸಾಜಿನ ಖುದ್ದೂಸ್ ಮತ್ತು ಮೇಷ್ಟ್ರ ಮೂವತ್ತು ಪುಟ

ಚಳ್ಳಕೆರೆಯಲ್ಲಿ ಆಗ ಖುದ್ದೂಸ್ ಎಂಬ ಹೆಸರಿನವರು ಮೂವರಿದ್ದರು. ಲಾರಿ ಗ್ಯಾರೇಜಿನ ಖುದ್ದೂಸ್ ಒಬ್ಬ, ಹುಣಸೇಹಣ್ಣಿನ ವ್ಯಾಪಾರದ ಖುದ್ದೂಸ್ ಇನ್ನೊಬ್ಬ. ಮೂರನೆಯವನನ್ನು ಊರು ಸಾಜಿನ ಖುದ್ದೂಸ್ ಎಂದು ಗುರುತಿಸುತ್ತಿತ್ತು. ಜಟಕಾ ಕುದುರೆಗೆ ತೊಡಿಸುವ ಚರ್ಮದ ಸಾಮಾನಿಗೆಲ್ಲ ಒಟ್ಟಾಗಿ ಸಾಜು ಎನ್ನುತ್ತಾರೆ. ಕೊರಳಪಟ್ಟಿ, ಎದೆಪಟ್ಟಿ, ಹೊಟ್ಟೆಗೆ ಬಿಗಿಯುವ ತಂಗು, ಬಾಯಿಗೆ ಲಗಾಮು, ಹಣೆಗೆ ಹಿತ್ತಾಳೆಯ ಚಂದ್ರ, ಹೀಗೆ ಹದಿನೇಳು ತುಂಡು ಮೈಮೇಲೆ ಸರಿಯಾಗಿ ಕೂತರೆ ಮಾತ್ರ ಕುದುರೆ ಗಾಡಿಗೆ ಸಿದ್ಧವಾದಂತೆ. ಆ ಹದಿನೇಳನ್ನೂ ಕತ್ತರಿಸಿ, ಮೇಣ ತಿಕ್ಕಿದ ದಾರದಲ್ಲಿ ಹೊಲಿದು, ಆಯಾ ಕುದುರೆಯ ಮೈಗೆ ಹೊಂದಿಸಿ ಕೊಡುವುದು ಖುದ್ದೂಸನ ಕಸುಬು. ಅವನ ಅಪ್ಪನೂ ಅದನ್ನೇ ಮಾಡಿದ್ದ.

ಅಳತೆ ನೋಡಿ ನೋಡಿ ಅವನ ಕಣ್ಣಿಗೆ ಅದೇ ಚಾಳಿ ಅಂಟಿಕೊಂಡಿತ್ತು. ಎದುರಿಗೆ ಯಾರೇ ನಿಂತರೂ ಎದೆ ಎಷ್ಟು, ಕೊರಳು ಎಷ್ಟು ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಪ್ರಾಯದಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಖ ನೋಡಲು ನಾಚಿ, ಬಾಗಿಲ ಬಳಿ ಬಿಟ್ಟಿದ್ದ ಅವಳ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ಅದರ ಪಟ್ಟಿ ಕಿತ್ತಿತ್ತು. ಊರಿಗೆ ಬಂದವನೇ ಹೊಸ ಜೊತೆಯೊಂದನ್ನು ಹೊಲಿದು ಕಳಿಸಿಬಿಟ್ಟ. ಹಿರಿಯರು ಇನ್ನೂ ಮಾತೇ ಆಡಿರಲಿಲ್ಲ. ಹುಡುಗಿಯ ಮನೆಯವರು ಚಪ್ಪಲಿಯನ್ನೇ ಒಪ್ಪಿಗೆಯೆಂದು ತಿಳಿದು ಮದುವೆಯ ದಿನ ಗೊತ್ತು ಮಾಡಿಕೊಂಡು ಬಂದರು. ಸಕೀನಾ ಬೀ ಅವನ ಮನೆಗೆ ಬಂದದ್ದು ಹಾಗೆ.

೧೯೯೪ರ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಅಂಗಡಿಯ ಮುಂದೆ ಸ್ಕೂಟರ್ ನಿಂತಿತು. ಇಳಿದವನು ಎಣ್ಣೆ ಮಿಲ್ಲಿನ ಏಕಾಂತಪ್ಪನವರ ಮಗ ಮುರುಗೇಶ್. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ವಯಸ್ಸು ಮೂವತ್ತೆರಡು, ಇನ್ನೂ ಮದುವೆಯಾಗಿರಲಿಲ್ಲ. ಎದೆ ಮೂವತ್ನಾಲ್ಕು ಇಂಚು ಇರಬಹುದೆಂದು ಖುದ್ದೂಸ್ ಅಂದಾಜು ಮಾಡಿದ. ಮೇಷ್ಟ್ರು ನೋಟ್‌ಬುಕ್ ತೆರೆದು, ಕುದುರೆಗೆ ಸಾಜು ತೊಡಿಸುವುದನ್ನು ಮೊದಲಿಂದ ಕೊನೆಯವರೆಗೆ ನೋಡಬೇಕಿತ್ತು ಎಂದ. ಕುದುರೆ ಕೊಂಡಿರಾ ಎಂದು ಖುದ್ದೂಸ್ ಕೇಳಿದ. ಇಲ್ಲ, ಪಿಎಚ್‌ಡಿಗೆ ಎಂಬ ಉತ್ತರ ಬಂತು.

ವಿಷಯ ಇಷ್ಟು. ಆರುನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವೀರನಿಗೆ ಕವಚ ತೊಡಿಸುವುದಕ್ಕೆ, ಮೈಗೆ ಒಡವೆ ಹಾಕುವುದಕ್ಕೆ, ಕುದುರೆಯನ್ನು ಹೂಡುವುದಕ್ಕೆ ಯಾವ ಯಾವ ಮಾತುಗಳಿದ್ದವು ಎಂಬುದರ ಮೇಲೆ ಮುರುಗೇಶ್ ಪ್ರಬಂಧ ಬರೆಯುತ್ತಿದ್ದ. ಮೊದಲ ಅಧ್ಯಾಯ ಓದಿದ ಅವನ ಗೈಡು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಹಿಂದಕ್ಕೆ ಕಳಿಸಿದ್ದರು: ನೀವು ಎಂದಾದರೂ ಕುದುರೆಯನ್ನು ಹತ್ತಿರದಿಂದ ನೋಡಿದ್ದೀರಾ? ಮುರುಗೇಶ್ ನೋಡಿರಲಿಲ್ಲ. ಜಟಕಾದಲ್ಲಿ ಕೂತಾಗ ಹಿಂಭಾಗ ಕಂಡಿತ್ತು, ಅಷ್ಟೆ.

ಖುದ್ದೂಸನಿಗೆ ಇದು ವಿಚಿತ್ರವಾಗಿ ಕಂಡಿತು. ನಲವತ್ತೈದು ವರ್ಷದ ಬದುಕಿನಲ್ಲಿ ಒಂದು ಪಟ್ಟಿಯನ್ನು ತೋರಿಸಿ ಇದರ ಹೆಸರೇನು ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಯಾವಾಗ ಕೊಡ್ತೀಯ ಎಂದಷ್ಟೇ ಕೇಳುತ್ತಿದ್ದರು. ಅವನ ಭಾಮೈದ ಅಫ್ಸರ್ ಜಟಕಾ ಹೊಡೆಯುತ್ತಿದ್ದ. ಶಬನಮ್ ಎಂಬ ಬಿಳಿಯ ಹೆಣ್ಣುಕುದುರೆ ಅವನದು. ಖುದ್ದೂಸ್ ಅದನ್ನು ಕರೆಸಿ, ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಒಂದೊಂದಾಗಿ ತೊಡಿಸಿ ತೋರಿಸಿದ. ಮುರುಗೇಶ್ ಬರೆದುಕೊಂಡ. ಮರುವಾರ ಮತ್ತೆ ಬಂದ. ಬರುವಾಗ ಅಪ್ಪನ ಮಿಲ್ಲಿನಿಂದ ಒಂದು ಡಬ್ಬ ಕಡಲೆಕಾಯಿ ಎಣ್ಣೆ ತಂದ. ಚರ್ಮಕ್ಕೆ ಹಚ್ಚಲು ಕೊಟ್ಟದ್ದೋ ಒಗ್ಗರಣೆಗೋ ತಿಳಿಯದೆ ಸಕೀನಾ ಬೀ ಅದನ್ನು ಅರ್ಧರ್ಧ ಮಾಡಿದಳು.

ಹೀಗೆ ಶನಿವಾರದ ಪಾಠ ಶುರುವಾಯಿತು. ಗುರು ಯಾರು, ಶಿಷ್ಯ ಯಾರು ಎಂಬುದು ಗಂಟೆಗೊಮ್ಮೆ ಬದಲಾಗುತ್ತಿತ್ತು. ಸಿಂಗರಿಸಿ ಸಾಲಾಗಿ ನಿಲ್ಲಿಸುವುದಕ್ಕೆ ಹಳೆಯ ಇಂಗ್ಲಿಷರು ‘ಅರೇ’ ಎನ್ನುತ್ತಿದ್ದರಂತೆ. ಮೇಷ್ಟ್ರು ಮಾತಿಗೊಮ್ಮೆ ಅರೇ ಎಂದಾಗಲೆಲ್ಲ ಖುದ್ದೂಸ್ ತನ್ನಿಂದ ಏನೋ ತಪ್ಪಾಯಿತೆಂದು ದಬ್ಬಳ ನಿಲ್ಲಿಸುತ್ತಿದ್ದ. ಕುದುರೆಯ ಎದೆಪಟ್ಟಿಗೆ ‘ಪೇಟ್ರೆಲ್’ ಎನ್ನುತ್ತಿದ್ದರಂತೆ. ಮೊದಲ ಸಲ ಅದನ್ನು ಕೇಳಿದಾಗ ಖುದ್ದೂಸ್, ಬಂಕು ಬಳ್ಳಾರಿ ರಸ್ತೆಯಲ್ಲಿದೆ ಎಂದು ಕೈ ತೋರಿಸಿದ್ದ. ತೊಡಿಸಿ ಅಣಿಮಾಡುವುದಕ್ಕೆ ‘ಡೈಟ್’. ಉಡುಗೆಗೆ ‘ಅಟೈರ್’, ಅದನ್ನೇ ಮೊಟಕು ಮಾಡಿದರೆ ಟೈರು. ಗಾಡಿಯ ಚಕ್ರಕ್ಕೆ ತೊಡಿಸಿದ ಉಡುಗೆಯೆಂದೇ ಟೈರಿಗೆ ಆ ಹೆಸರು ಬಂತು ಎಂದು ಮುರುಗೇಶ್ ಹೇಳಿದಾಗ, ಪಕ್ಕದ ಪಂಕ್ಚರ್ ಅಂಗಡಿಯವನು ತನ್ನ ಗೋಡೆಗೆ ಒರಗಿಸಿದ್ದ ಹಳೆಯ ಟೈರುಗಳನ್ನು ಹೊಸದಾಗಿ ನೋಡಿದ.

ಮುರುಗೇಶನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಸಾಜು ಎಂಬ ಮಾತೇ. ಉರ್ದುವಿನಲ್ಲಿ ಕುದುರೆಯ ಪಟ್ಟಿಯೂ ಸಾಜ್, ಮನೆಯ ಸಾಮಾನೂ ಸಾಜ್, ಬಾರಿಸುವ ವಾದ್ಯವೂ ಸಾಜ್ ಎಂದು ಖುದ್ದೂಸ್ ಸುಮ್ಮನೆ ಹೇಳಿದ್ದ. ಮೇಷ್ಟ್ರು ಎದ್ದೇ ನಿಂತ. ಇಂಗ್ಲಿಷಿನ ಹಾರ್ನೆಸ್ಸೂ ಹಾಗೆಯೇ ಇತ್ತಂತೆ. ವೀರನ ಕಬ್ಬಿಣದ ಅಂಗಿಗೂ ಅದೇ ಹೆಸರು, ಮನೆಯ ಪಾತ್ರೆ ಪಗಡಕ್ಕೂ ಅದೇ. ಬರಬರುತ್ತ ಕುದುರೆಯೊಂದಕ್ಕೇ ಉಳಿದುಕೊಂಡಿತಂತೆ. ಆ ಸಂಜೆ ಖುದ್ದೂಸ್ ಮನೆಗೆ ಹೋಗಿ, ನಮ್ಮ ಮಾತೂ ಅವರ ಮಾತೂ ಒಂದೇ ದಾರಿ ನಡೆದಿವೆ ಎಂದು ಹೆಂಡತಿಗೆ ವಿವರಿಸಿದ. ಹಾಗಾದರೆ ಆ ಮೇಷ್ಟ್ರಿಗೆ ಸಂಬಳ ಕೊಡುವುದು ಇದಕ್ಕೋ ಎಂದು ಅವಳು ಕೇಳಿದಳು.

ಜಗಳವೂ ಆಯಿತು. ಅದು ‘ಕ್ರೋಪೂರ್’ ಎಂಬ ಮಾತಿನ ಮೇಲೆ. ಜೀನಿನ ಹಿಂಬದಿಯಿಂದ ಹೊರಟು ಕುದುರೆಯ ಬಾಲದ ಬುಡವನ್ನು ಬಳಸಿ ಬರುವ ಪಟ್ಟಿ ಅದು. ಖುದ್ದೂಸನ ಭಾಷೆಯಲ್ಲಿ ದುಮ್ಚಿ. ಹಳೆಯ ಕಾವ್ಯಗಳಲ್ಲಿ ಅದಕ್ಕೆ ಚಿನ್ನ, ಹವಳ, ರತ್ನ ಜಡಿದ ವರ್ಣನೆ ಎಷ್ಟೊಂದು ಇದೆಯೆಂದರೆ, ಅದು ಬರೀ ಅಲಂಕಾರ, ಅದರಿಂದ ಬೇರೆ ಉಪಯೋಗವಿಲ್ಲ ಎಂದು ಮುರುಗೇಶ್ ತೀರ್ಮಾನಿಸಿದ್ದ. ಅಷ್ಟೇ ಅಲ್ಲ, ಯುದ್ಧದ ಸಾಮಾನು ಒಡವೆಯಾಗಿ ಬದಲಾದದ್ದಕ್ಕೆ ಇದೇ ಸಾಕ್ಷಿ ಎಂದು ಮೂವತ್ತು ಪುಟ ಬರೆದೂ ಆಗಿತ್ತು.

ಅಂಥಾ ಜಾಗಕ್ಕೆ ಚೆಂದಕ್ಕೆಂದು ಯಾರೂ ಪಟ್ಟಿ ಕಟ್ಟುವುದಿಲ್ಲ ಎಂದು ಖುದ್ದೂಸ್ ವಾದಿಸಿದ. ಗಾಡಿಯ ಕುದುರೆಗೆ ಬಿಡಿ, ಸವಾರಿಯ ಕುದುರೆಗೆ ಅದು ಇರಲೇಬೇಕು ಎಂದ. ಯಾಕೆ ಎಂದು ಮೇಷ್ಟ್ರು ಕೇಳಿದಾಗ ಅವನಿಗೆ ಹೇಳಲು ಬರಲಿಲ್ಲ. ಚಳ್ಳಕೆರೆಯಲ್ಲಿ ಸವಾರಿಯ ಕುದುರೆ ಇರಲಿಲ್ಲ, ಏರು ತಗ್ಗೂ ಅಷ್ಟಾಗಿ ಇರಲಿಲ್ಲ. ಅಪ್ಪ ಕಟ್ಟುತ್ತಿದ್ದ, ನಾನೂ ಕಟ್ಟುತ್ತೇನೆ ಎಂದ. ಇದು ಪ್ರಬಂಧದಲ್ಲಿ ಬರೆಯುವಂಥ ಕಾರಣವಲ್ಲ ಎಂದ ಮುರುಗೇಶ್. ಓದಿದವರ ಹತ್ತಿರ ವಾದ ಯಾಕೆ ಎಂದು ಖುದ್ದೂಸ್ ಹೊಲಿಗೆಗೆ ತಿರುಗಿದ. ಆದರೆ ಆ ಇಡೀ ವಾರ ಅವನ ದಬ್ಬಳ ಚರ್ಮವನ್ನು ಸ್ವಲ್ಪ ಜೋರಾಗಿಯೇ ಚುಚ್ಚಿತು.

ಮುಂದಿನ ತಿಂಗಳು ಇನ್ನೊಂದು ಪ್ರಶ್ನೆ ಬಂತು. ಕಾವ್ಯಗಳಲ್ಲಿ ವೀರನಿಗೆ ಕವಚ ತೊಡಿಸುವಾಗ ಯಾವಾಗಲೂ ಪಾದದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾರೆ, ಇದರ ಹಿಂದೆ ಏನೋ ಗೂಢಾರ್ಥವಿರಬೇಕು ಎಂದು ಮುರುಗೇಶ್ ತಲೆ ಕೆಡಿಸಿಕೊಂಡಿದ್ದ. ಈ ಸಲ ಖುದ್ದೂಸ್ ವಾದ ಮಾಡಲಿಲ್ಲ. ಮೇಷ್ಟ್ರ ಚಪ್ಪಲಿ ಬಿಡಿಸಿ, ಅಂಗಡಿಯ ಮುಂದೆ ನಿಲ್ಲಿಸಿ, ಕೊರಳಪಟ್ಟಿ ಹಾಕಿ, ಎದೆಪಟ್ಟಿ ಬಿಗಿದು, ಬೆನ್ನ ಮೇಲೆ ಜೀನಿನ ಗಾದಿ ಕೂರಿಸಿ, ತಂಗನ್ನು ಹೊಟ್ಟೆಯ ಸುತ್ತ ಮೂರನೇ ತೂತಿಗೆ ಎಳೆದ. ಆಮೇಲೆ, ಈಗ ಚಪ್ಪಲಿ ಹಾಕ್ಕೊಳ್ಳಿ ಸಾರ್ ಎಂದ.

ಮುರುಗೇಶ್ ಬಗ್ಗಲು ನೋಡಿದ, ಆಗಲಿಲ್ಲ. ಕೂತು ನೋಡಿದ, ಕಾಲು ಕೈಗೆ ಸಿಗಲಿಲ್ಲ. ಗೂಢಾರ್ಥ ಅವನಿಗೆ ಕೂಡಲೇ ಹೊಳೆಯಿತು. ಆ ಸಂತೋಷದಲ್ಲಿ ಅವನು ನಿಂತಲ್ಲೇ ಎರಡು ಸಲ ನೆಗೆದ. ಪಟ್ಟಿಗೆ ಕಟ್ಟಿದ್ದ ಗೆಜ್ಜೆಗಳು ಝಲ್ಲೆಂದವು. ಅದೇ ಹೊತ್ತಿಗೆ ಮಾರ್ಕೆಟ್ ಯಾರ್ಡಿನಿಂದ ಹೊರಟಿದ್ದ ಏಕಾಂತಪ್ಪನವರು ಕಾರು ನಿಲ್ಲಿಸಿದರು.

“ಲೇ ಖುದ್ದೂಸ, ನನ್ ಮಗನ್ನ ಯಾವ ಗಾಡಿಗೆ ಹೂಡ್ತಿದೀಯಲೇ?”

ಖುದ್ದೂಸ್ ಗಡಿಬಿಡಿಯಲ್ಲಿ ತಂಗನ್ನು ಸಡಿಲಿಸಿದ. “ಇಲ್ರೀ ಯಜಮಾನ್ರೆ, ಅಳತೆ ನೋಡ್ತಿದ್ದೆ ಅಷ್ಟೆ,” ಎಂದುಬಿಟ್ಟ.

ಏಕಾಂತಪ್ಪನವರು ಮನೆಗೆ ಹೋಗಿ ಹೆಂಡತಿ ಬಸವಲಿಂಗಮ್ಮನ ಮುಂದೆ ಕೂತು, ಇನ್ನು ತಡ ಮಾಡಿದರೆ ಹುಡುಗ ಕೈತಪ್ಪುತ್ತಾನೆ ಎಂದರಂತೆ. ಹೆಣ್ಣು ಹುಡುಕುವ ಕೆಲಸ ಆ ವಾರವೇ ಶುರುವಾಯಿತು. ಹದಿನಾರು ಜಾತಕ, ಒಂಬತ್ತು ಕಡೆ ಕಾಫಿ ಉಪ್ಪಿಟ್ಟು ಆದ ಮೇಲೆ ಮೊಳಕಾಲ್ಮೂರಿನ ತಿಪ್ಪೇರುದ್ರಪ್ಪನವರ ಮಗಳು ತ್ರಿವೇಣಿ ಒಪ್ಪಿಗೆಯಾದಳು. ರೇಷ್ಮೆ ಸೀರೆ ಅಂಗಡಿ ಇದ್ದ ಮನೆ. ಹುಡುಗಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಿಶ್ಚಿತಾರ್ಥದ ಮೇಲೆ ಮುರುಗೇಶ್ ಅವಳಿಗೆ ಏಳು ಪತ್ರ ಬರೆದ. ಅದರಲ್ಲಿ ಐದು ಕುದುರೆಯ ಪಟ್ಟಿಗಳ ಕುರಿತಾಗಿದ್ದವು, ಒಂದು ಖುದ್ದೂಸನ ಕುರಿತಾಗಿತ್ತು. ಉಳಿದ ಒಂದರಲ್ಲಿ ಏನಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ.

ಮದುವೆ ೧೯೯೬ರ ಮೇ ತಿಂಗಳಲ್ಲಿ, ಮೊಳಕಾಲ್ಮೂರಿನಲ್ಲಿ. ಮದುಮಗ ಕುದುರೆಯ ಮೇಲೆಯೇ ಬರಬೇಕೆಂದು ಹಟ ಹಿಡಿದವನು ಮದುಮಗನೇ. ಖುದ್ದೂಸ್ ಎರಡು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಶಬನಮ್‌ಗೆ ಕೆಂಪು ಚರ್ಮದ ಹೊಸ ಸಾಜು, ಹಸಿರು ರೇಷ್ಮೆಯ ಗೊಂಡೆ, ಬೆನ್ನಿಗೆ ಜರಿಯಂಚಿನ ಜೂಲು, ಎದೆಗೆ ಕವಡೆಯ ಸಾಲು. ಚೆಂದಕ್ಕೆ ಮಾಡಿದ ಮೊದಲ ಸಾಜು ಅದು. ಮದುವೆಯ ದಿನ ಬೆಳಿಗ್ಗೆ ಅಫ್ಸರ್ ಮಿನಿ ಲಾರಿಯಲ್ಲಿ ಕುದುರೆಯನ್ನು ತಂದು ಇಳಿಸಿದಾಗ ಗುಡ್ಡದ ಬುಡದ ದೇವಸ್ಥಾನದ ಬಳಿ ಜನ ಮುತ್ತಿಕೊಂಡರು. ಖುದ್ದೂಸ್ ಒಂದೊಂದೇ ಪಟ್ಟಿ ತೊಡಿಸುತ್ತಿದ್ದ. ಪಕ್ಕದಲ್ಲಿ ನಿಂತು ಮುರುಗೇಶ್ ಒಂದೊಂದರ ಹಳೆಯ ಇಂಗ್ಲಿಷ್ ಹೆಸರನ್ನು ಹೇಳುತ್ತಿದ್ದ. ಅದನ್ನು ಮಂತ್ರವೆಂದು ತಿಳಿದು ಇಬ್ಬರು ಮುದುಕರು ಕೈ ಮುಗಿದರು.

ದುಮ್ಚಿಯ ಸರದಿ ಬಂದಾಗ ತೊಡಕಾಯಿತು. ಹೊಸ ಪಟ್ಟಿ ಒರಟಾಗಿತ್ತು, ಶಬನಮ್ ಕಾಲು ಕೆದರಿ ಬಾಲ ಬೀಸಿತು. ಬಾಲ ಹೀಗೆ ಮೇಲೆದ್ದರೆ ಫೋಟೋ ಕೆಡುತ್ತದೆ ಎಂದು ಫೋಟೋಗ್ರಾಫರ್ ಗೊಣಗಿದ. ಆ ಪಟ್ಟಿ ಬೇಡ, ತೆಗೆದುಬಿಡಿ ಎಂದ ಮುರುಗೇಶ್. ಖುದ್ದೂಸ್ ಕೈ ತೆಗೆಯಲಿಲ್ಲ. ಇದೊಂದು ಇರಲಿ ಸಾರ್ ಎಂದು ಮೆಲ್ಲಗೆ ಹೇಳಿದ.

“ಸಾಹೇಬ್ರೆ, ಬೇರೆ ಎಲ್ಲಾದ್ರಾಗೂ ನೀವು ಹೇಳಿದ್ದೇ ಸರಿ. ಇದರ ಮೇಲೆ ನಾನು ಮೂವತ್ತು ಪುಟ ಬರ್ದೀನಿ,” ಎಂದ ಮುರುಗೇಶ್.

ಸುತ್ತ ಬೀಗರೆಲ್ಲ ನೋಡುತ್ತಿದ್ದರು. ಖುದ್ದೂಸ್ ದುಮ್ಚಿಯನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಮದುಮಗ ಬಾಸಿಂಗ ಕಟ್ಟಿಕೊಂಡು ಕುದುರೆ ಏರಿದ.

ದೇವಸ್ಥಾನದಿಂದ ಛತ್ರಕ್ಕೆ ದಾರಿ ಇಳಿಜಾರು. ಬ್ಯಾಂಡಿನವರು ಮುಂದೆ, ಹೆಂಗಸರು ಹಿಂದೆ, ನಡುವೆ ಶಬನಮ್. ಹತ್ತು ಹೆಜ್ಜೆಗೆ ಖುದ್ದೂಸನಿಗೆ ಕಂಡಿತು, ಜೀನು ಎರಡು ಬೆರಳು ಮುಂದಕ್ಕೆ ಬಂದಿದೆ. ಇಪ್ಪತ್ತು ಹೆಜ್ಜೆಗೆ ಒಂದು ಗೇಣು. ಅಪ್ಪ ಆ ಪಟ್ಟಿಯನ್ನು ಯಾಕೆ ಕಟ್ಟುತ್ತಿದ್ದನೆಂದು ಅವನಿಗೆ ಆಗ, ಆ ಇಳಿಜಾರಿನ ನಡುವೆ ಅರ್ಥವಾಯಿತು. ಇಳಿಯುವಾಗ ಜೀನನ್ನು ಹಿಂದಕ್ಕೆ ಹಿಡಿದಿಡುವುದು ಅದೊಂದೇ. ಅವನು ಕೂಗಿದ. ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮುರುಗೇಶ್ ಈಗ ಕುದುರೆಯ ಹೆಗಲ ಮೇಲಿದ್ದ, ಇನ್ನೊಂದು ಗಳಿಗೆಗೆ ಕೊರಳನ್ನು ತಬ್ಬಿಕೊಂಡಿದ್ದ. ಛತ್ರದ ಬಾಗಿಲಲ್ಲಿ ಯಾರೋ ಚೆಲ್ಲಿದ್ದ ಅಕ್ಕಿ ಕಂಡು ಶಬನಮ್ ಶಾಂತವಾಗಿ ತಲೆ ತಗ್ಗಿಸಿತು. ಮದುಮಗ ಅದರ ಕೊರಳ ಮೇಲಿಂದ ಜಾರುಬಂಡೆಯಲ್ಲಿ ಜಾರಿದಂತೆ ಇಳಿದು ಬಂದು, ಬಾಸಿಂಗ ಸಮೇತ ರಂಗೋಲಿಯ ನಡುವೆ ಕೂತ.

ಆರತಿ ತಟ್ಟೆ ಹಿಡಿದು ನಿಂತಿದ್ದ ಯರ್ರಮ್ಮ ಎಂಬ ಮುದುಕಿಗೆ ಕಣ್ಣು ಮಂಜು. “ಪೆಳ್ಳಿಕೊಡುಕು ದಿಗಿನಾಡು,” ಎಂದಳು ತೆಲುಗಿನಲ್ಲಿ, ಮದುಮಗ ಇಳಿದನಲ್ಲ ಎಂದು. ಹಾಗೆಂದು ಕೂತಿದ್ದವನಿಗೇ ಬಗ್ಗಿ ಮೂರು ಸುತ್ತು ಆರತಿ ಎತ್ತಿದಳು.

ಬ್ಯಾಂಡು ನಿಂತಿತು. ತಿಪ್ಪೇರುದ್ರಪ್ಪನವರ ಕೋಪ ನೇರವಾಗಿ ಖುದ್ದೂಸನ ಮೇಲೆ ತಿರುಗಿತು. ಎಂಥಾ ಸಾಜು ಮಾಡಿದೀಯಪ್ಪ, ಬೆಲ್ಟು ಬಿಗಿಯೋಕೂ ಬರಲ್ವಾ ಎಂದು ಬೀಗರ ಮುಂದೆಲ್ಲ ಗದರಿದರು. ಖುದ್ದೂಸ್ ತಲೆ ತಗ್ಗಿಸಿದ. ಬಿದ್ದವನಿಗಿಂತ ತನಗೇ ಹೆಚ್ಚು ಪೆಟ್ಟಾದಂತೆ ಅವನಿಗೆ ಅನ್ನಿಸಿತು. ಇನ್ನು ಚಳ್ಳಕೆರೆಯವರೆಗೆ ಸುದ್ದಿ ಹೋಗುತ್ತದೆ, ಖುದ್ದೂಸನ ಸಾಜು ಜಾರಿತಂತೆ ಎಂದು. ಹೆಗಲ ಮೇಲಿನ ದುಮ್ಚಿಯನ್ನು ತೋರಿಸಿ ನಡೆದದ್ದು ಹೇಳಬಹುದಿತ್ತು. ಮದುವೆಯ ದಿನ ಮದುಮಗನ ಮರ್ಯಾದೆ ಕಳೆಯುವುದು ಅವನಿಗೆ ಬೇಡವಾಗಿತ್ತು.

ಮುರುಗೇಶ್ ಸೊಂಟ ಹಿಡಿದುಕೊಂಡು ಎದ್ದ. ಮುಖದ ಮೇಲಿನ ಮಲ್ಲಿಗೆಯನ್ನು ಎರಡೂ ಕೈಯಲ್ಲಿ ಸರಿಸಿ, ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

“ಮಾವಾರೇ, ಸಾಜಿಂದು ತಪ್ಪಿಲ್ಲ. ಅವರು ಬೇಡ ಅಂದ್ರೂ ನಾನೇ ಪಟ್ಟಿ ಬಿಚ್ಚಿಸ್ದೆ. ತಪ್ಪೆಲ್ಲಾ ನನ್ನ ಮೂವತ್ತು ಪುಟದ್ದು.”

ಯಾವ ಮೂವತ್ತು ಪುಟ ಎಂದು ಯಾರಿಗೂ ಗೊತ್ತಾಗಲಿಲ್ಲ. ಜಾತಕದಲ್ಲಿ ಅಷ್ಟು ಪುಟವಿರುತ್ತದೆಯೇ ಎಂದು ಬಸವಲಿಂಗಮ್ಮ ಗಂಡನನ್ನು ಕೇಳಿದಳು. ಆದರೆ ಛತ್ರದ ಮಹಡಿಯ ಕಿಟಕಿಯಿಂದ ಒಂದು ದೊಡ್ಡ ನಗು ಕೇಳಿ ಬಂತು. ಏಳು ಪತ್ರ ಓದಿದ್ದ ತ್ರಿವೇಣಿಗೆ ಅರ್ಥವಾಗಿತ್ತು. ಮದುಮಗಳು ಹಾಗೆ ನಗಬಾರದೆಂದು ಒಳಗಿನಿಂದ ಯಾರೋ ಗದರಿದರು, ನಗು ನಿಲ್ಲಲಿಲ್ಲ.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ನಡೆದೇ ಒಳಗೆ ಬನ್ನಿ ಎಂದರು ಹಿರಿಯರು. ಖುದ್ದೂಸ್ ಒಪ್ಪಲಿಲ್ಲ. ಶಬನಮ್‌ನ ಕಿವಿಯ ಬಳಿ ಮಾತಾಡುತ್ತ ದುಮ್ಚಿ ಕಟ್ಟಿದ. ಒರಟಾಗಿದ್ದ ಕಡೆಗೆ ತನ್ನ ಕರ್ಚೀಫು ಸುತ್ತಿದ. ಜೀನನ್ನು ಹಿಂದಕ್ಕೆ ಎಳೆದು ಕೂರಿಸಿ, ತಂಗು ಬಿಗಿದು, ಮೇಷ್ಟ್ರನ್ನು ಮತ್ತೆ ಹತ್ತಿಸಿ, ದೇವಸ್ಥಾನದವರೆಗೆ ಕರೆದುಕೊಂಡು ಹೋಗಿ, ಅದೇ ಇಳಿಜಾರಿನಲ್ಲಿ ತಾನೇ ಲಗಾಮು ಹಿಡಿದು ಇಳಿಸಿಕೊಂಡು ಬಂದ. ಜೀನು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ದಾರಿಯಲ್ಲಿ ಮುರುಗೇಶ್ ಬಗ್ಗಿ, ಅವನಿಗೊಬ್ಬನಿಗೇ ಕೇಳುವಂತೆ, ಕ್ರೋಪೂರ್ ಅಲಂಕಾರವಲ್ಲ ಎಂದು ಒಪ್ಪಿಕೊಂಡ. ಯರ್ರಮ್ಮ ಇನ್ನೊಂದು ಸಲ ಆರತಿ ಎತ್ತಿದಳು. ಊಟದ ಪಂಕ್ತಿಯಲ್ಲಿ ತಿಪ್ಪೇರುದ್ರಪ್ಪನವರು ತಾವೇ ನಿಂತು ಖುದ್ದೂಸನ ಎಲೆಗೆ ಹೋಳಿಗೆ ಬಡಿಸಿದರು. ಬೆಳಗಿನ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ತುಪ್ಪ ಮಾತ್ರ ಮೂರು ಸಲ ಬಂತು.

ಮದುವೆಯ ಮೇಲೆ ಶನಿವಾರದ ಪಾಠಕ್ಕೆ ಇಬ್ಬರು ಬರತೊಡಗಿದರು. ತ್ರಿವೇಣಿ ವಾರವಿಡೀ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋಗಿ ಬಂದು, ಶನಿವಾರ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನ ಕುದುರೆಯ ಹಣೆಗೆ ಏನು ಕಟ್ಟುತ್ತಿದ್ದರು ಎಂದು ಬಲ್ಲ ಗಂಡನಿಗೆ, ರಾಂಪುರದ ಎತ್ತಿನ ಕೋಡಿಗೆ ಹಾಕುವ ಹಿತ್ತಾಳೆಯ ತೊಡಪಿಗೆ ಏನೆನ್ನುತ್ತಾರೆಂದು ಗೊತ್ತಿಲ್ಲವೆಂಬುದನ್ನು ಅವಳೇ ಬಯಲು ಮಾಡಿದಳು. ಖುದ್ದೂಸನಿಗೆ ಗೊತ್ತಿತ್ತು, ಕೋಡಣಸು. ಮೂವತ್ತು ಪುಟ ಹೋದ ಜಾಗದಲ್ಲಿ ಹೊಸ ನಲವತ್ತು ಪುಟ ಬಂತು. ಕೊನೆಗೊಂದು ಪಟ್ಟಿ ಸೇರಿತು, ಇಲ್ಲಿನ ಎತ್ತು ಕುದುರೆಗಳ ತೊಡಿಗೆಯ ಮಾತುಗಳದು. ೧೯೯೯ರಲ್ಲಿ ಮುರುಗೇಶ್ ಡಾಕ್ಟರ್ ಆದ. ಮೌಖಿಕ ಪರೀಕ್ಷೆಯಲ್ಲಿ, ಕ್ರೋಪೂರಿನ ಉಪಯೋಗವನ್ನು ಯಾವ ಆಧಾರದಿಂದ ನಿರ್ಧರಿಸಿದಿರಿ ಎಂದು ಕೇಳಿದರಂತೆ. ಬಿದ್ದು ಎಂದನಂತೆ.

ಪ್ರಬಂಧದ ಒಂದು ಪ್ರತಿ ಖುದ್ದೂಸನಿಗೆ ಬಂತು. ಮೊದಲ ಪುಟಗಳಲ್ಲಿ ಅವನ ಹೆಸರಿತ್ತು. ತ್ರಿವೇಣಿ ಅದನ್ನು ಓದಿ ಕನ್ನಡದಲ್ಲಿ ಹೇಳಿದಳು. ಇನ್ನೊಂದು ಸಲ ಓದಮ್ಮ ಎಂದು ಕೇಳಿದ. ಸಕೀನಾ ಬೀ ಅದನ್ನು ತೆಗೆದುಕೊಂಡು, ಒಳ್ಳೆಯ ಸೀರೆಗಳಿದ್ದ ಟ್ರಂಕಿನಲ್ಲಿಟ್ಟಳು.

ಅಷ್ಟರಲ್ಲಿ ಊರಿಗೆ ಆಟೋಗಳು ಬಂದಿದ್ದವು. ಜಟಕಾಗಳು ಒಂದೊಂದಾಗಿ ಮೂಲೆ ಸೇರಿದವು. ೨೦೦೧ರಲ್ಲಿ ಅಫ್ಸರ್ ಕೂಡ ಶಬನಮ್ ಅನ್ನು ರಾಂಪುರದ ಕಾಮಣ್ಣನೆಂಬವನಿಗೆ, ಮದುವೆ ಮೆರವಣಿಗೆಗೆಂದು, ಕೆಂಪು ಸಾಜಿನ ಸಮೇತ ಕೊಟ್ಟು ಆಟೋ ತೆಗೆದುಕೊಂಡ. ಖುದ್ದೂಸ್ ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಐದನೆಯ ದಿನ ಅಫ್ಸರನೇ ಆಟೋ ತಂದು ನಿಲ್ಲಿಸಿ, ಇದರ ಸೀಟು ಗಟ್ಟಿ, ಏನಾದರೂ ಮಾಡು ಎಂದ. ಖುದ್ದೂಸ್ ಸುತ್ತ ಒಂದು ಸಲ ನಡೆದು, ಟೇಪು ತೆಗೆದ. ಅಲ್ಲಿಂದ ಅವನ ಕೈ ರೆಕ್ಸಿನ್‌ಗೆ ಹೊರಳಿತು. ಸೀಟು, ಟಾಪು, ಮಳೆಗಾಲದ ಪರದೆ, ಹಬ್ಬ ಬಂದರೆ ಗೊಂಡೆ ಕುಚ್ಚು, ಹೀಗೆ ಕೆಲಸ ಮೊದಲಿಗಿಂತ ಹೆಚ್ಚೇ ಆಯಿತು. ಮಾತಿನ ಚಾಳಿ ಮಾತ್ರ ಬಿಡಲಿಲ್ಲ. ಬಂದ ಆಟೋದವರಿಗೆಲ್ಲ, ಗುರುವಾರ ಬಾ, ಡೈಟ್ ಮಾಡಿ ಕೊಡ್ತೀನಿ ಎನ್ನುತ್ತಿದ್ದ. ಸ್ಟ್ಯಾಂಡಿನಲ್ಲಿ ಆ ಮಾತು ಹಾಗೆಯೇ ನಿಂತಿತು. ಆಯುಧ ಪೂಜೆ ಹತ್ತಿರವಾದರೆ, ಗಾಡಿ ಡೈಟ್ ಆಯ್ತೇನಲೇ ಎಂದು ಒಬ್ಬರನ್ನೊಬ್ಬರು ಕೇಳುವರು. ಇಂಗ್ಲೆಂಡಿನಲ್ಲಿ ಈಗ ಯಾರೂ ಬಳಸದ ಮಾತು ಅದು ಎಂದು ಮುರುಗೇಶ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ. ಯಾರೂ ನಂಬದಿದ್ದಾಗ ಇಬ್ಬರು ಸಹೋದ್ಯೋಗಿಗಳನ್ನು ಆಟೋ ಸ್ಟ್ಯಾಂಡಿಗೇ ಕರೆತಂದು ಕೇಳಿಸಿದ.

೨೦೦೪ರಲ್ಲಿ ತ್ರಿವೇಣಿ ಅವನನ್ನು ತನ್ನ ಶಾಲೆಗೆ ಕರೆದಳು. ಮಕ್ಕಳಿಗೆ ಕೈಕೆಲಸ ತೋರಿಸಬೇಕು ಎಂದಿದ್ದಳು. ಖುದ್ದೂಸ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದು ಚೀಲದ ತುಂಬ ಪಟ್ಟಿ ತುಂಬಿಕೊಂಡು ಮೊಳಕಾಲ್ಮೂರಿಗೆ ಹೋದ. ವೇದಿಕೆ ಹತ್ತಿದವನು ಮೊದಲು ಚೀಲದ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಆಮೇಲೆ ಕೈಗೆ ದಬ್ಬಳ ತೆಗೆದುಕೊಂಡ, ಮಾತು ಬಂತು. ಹೊಲಿಯುತ್ತ ಹೊಲಿಯುತ್ತ ಒಂದೂವರೆ ಗಂಟೆ ಮಾತಾಡಿದ. ಬೆಲ್ಲು ಹೊಡೆದರೂ ಮಕ್ಕಳು ಏಳಲಿಲ್ಲ. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಸಾಜು ತೊಡಿಸೋಕೆ ಯಾವ ಪ್ರಾಣಿ ಬಲು ಕಷ್ಟ ಎಂದು ಕೇಳಿದಳು.

“ಕತ್ತೆ ಕಣಮ್ಮ,” ಎಂದ ಖುದ್ದೂಸ್. “ನಾವು ಅದರ ಅಳತೆ ತಗೊಳ್ಳೋಕ್ ಮುಂಚೆ ಅದು ನಮ್ಮ ಅಳತೆ ತಗೊಂಡಿರ್ತೈತೆ.”

ಮಕ್ಕಳು ನಕ್ಕರು. ಹೆಡ್‌ಮಾಸ್ಟರು ನಿಂಬೆಹಣ್ಣು ಕೊಟ್ಟು ಶಾಲು ಹೊದಿಸಿದರು. ಟೀಚರುಗಳ ಕೋಣೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟಿದ್ದರು. ತಿಂದು ಮೂರೂವರೆಯ ಬಸ್ಸು ಹತ್ತಿದ. ಶಾಲಿನ ಅಂಚಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಬಸ್ಸು ಊರು ದಾಟುವುದರೊಳಗೆ ಚೀಲದಿಂದ ಸೂಜಿ ತೆಗೆದು, ಕುಲುಕಾಟದಲ್ಲೇ ಅದನ್ನು ಸರಿಮಾಡತೊಡಗಿದ.